ನಡುವಿನ ದನಿಗೆ ಒಂದು ಸಾಲು ಸಾಕೇ?

ನಮ್ಮ ಸಂಗೀತ ವಿಮರ್ಶೆಯಲ್ಲಿ ಒಂದು ಸಾಲು ಇದೆ. ಊರಿನ ಪತ್ರಿಕೆ ತೆಗೆದು ನೋಡಿ, ಕೊಲ್ಲಿ ದೇಶದ ಯಾವುದೇ ಸಂಘದ ವಾಟ್ಸಾಪ್ ಗುಂಪಿಗೆ ಬಂದ ಕಾರ್ಯಕ್ರಮದ ವರದಿ ನೋಡಿ, ಆ ಸಾಲು ಅಲ್ಲಿರುತ್ತೆ. ಮೂರು ಪ್ಯಾರಾ ಗಾಯಕರ ಬಗ್ಗೆ: ಯಾವ ವರ್ಣದಿಂದ ಶುರುಮಾಡಿದರು, ಯಾವ ರಾಗವನ್ನು ವಿಸ್ತರಿಸಿದರು, ತುಕ್ಕಡಗಳಲ್ಲಿ ದಾಸರ ಪದ ಯಾವುದು. ಕೊನೆಯಲ್ಲಿ, ಅಧ್ಯಕ್ಷರ ವಂದನಾರ್ಪಣೆಗೆ ಸ್ವಲ್ಪ ಮುಂಚೆ, 'ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಹಿತಮಿತವಾಗಿ ಸಹಕರಿಸಿದರು.' ಅಷ್ಟೇ. ಎರಡೂವರೆ ಗಂಟೆ ಆ ಪಿಟೀಲಿನವರು ಏನು ಮಾಡಿದರು? ಗಾಯಕರು ಉಸಿರು ತೆಗೆದುಕೊಂಡಾಗ ಆ ಜಾಗವನ್ನು ಹೇಗೆ ತುಂಬಿದರು? ತಮ್ಮ ಸರದಿ ಬಂದಾಗ ಗಾಯಕರ ದಾರಿಯಲ್ಲೇ ನಡೆದರೋ, ಪಕ್ಕದ ಓಣಿಯೊಂದನ್ನು ತೋರಿಸಿದರೋ? ವರದಿಯಲ್ಲಿ ಉತ್ತರ ಇಲ್ಲ. ಕೇಳಿದವರೇ ಇಲ್ಲ ಅಂದಮೇಲೆ ಬರೆಯುವವರು ಎಲ್ಲಿಂದ ಬರಬೇಕು?

ಈ ಬರಹ ಆ ಒಂದು ಸಾಲಿನ ಬಗ್ಗೆ. ಆದರೆ ಅಲ್ಲಿಗೆ ಹೋಗೋಕೆ ನಾನು ಹಿಡಿದಿರೋ ದಾರಿ ಸ್ವಲ್ಪ ಸುತ್ತು. ವಯೋಲಾ ಅನ್ನೋ ವಾದ್ಯ, ಅದನ್ನು ನುಡಿಸಿ ಬದುಕಿದ ರೆಬೆಕ್ಕಾ ಕ್ಲಾರ್ಕ್ ಅನ್ನೋ ಕಲಾವಿದೆ, ಆಮೇಲೆ ನಮ್ಮ ತಿರುಮಕೂಡಲಿನ ಚೌಡಯ್ಯನವರು. ಕ್ಲಾರ್ಕ್ ಹುಟ್ಟಿದ್ದು 1886ರಲ್ಲಿ, ಚೌಡಯ್ಯ 1895ರಲ್ಲಿ. ಹೆಚ್ಚುಕಡಿಮೆ ಒಂದೇ ತಲೆಮಾರು. ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆದರೆ ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ವೇದಿಕೆಯಲ್ಲಿ ನಡುವೆಯೋ ಪಕ್ಕದಲ್ಲೋ ಕೂತವರ ನಾದ ಕೇಳಿಸಬೇಕಾದರೆ ಏನು ಮಾಡಬೇಕು?

ಮೊದಲು ವಾದ್ಯದ ಪರಿಚಯ ಆಗಲಿ. ದೂರದಿಂದ ನೋಡಿದರೆ ವಯೋಲಾವನ್ನು ಪಿಟೀಲು ಅಂತಲೇ ಅಂದುಕೊಳ್ತೀರಿ. ಅದೇ ಆಕಾರ, ಅದೇ ನಾಲ್ಕು ತಂತಿ, ಅದೇ ಕಮಾನು. ಸ್ವಲ್ಪ ದೊಡ್ಡದು, ಅಷ್ಟೇ. ಪಿಟೀಲಿನ ಅತ್ಯಂತ ಕೆಳಗಿನ ತಂತಿಗಿಂತ ಒಂದು ಪಂಚಮದಷ್ಟು ಕೆಳಗೆ ಇದರ ಕೊನೆಯ ತಂತಿ ಇರುತ್ತೆ. ಇಲ್ಲೊಂದು ತಮಾಷೆಯ ತೊಡಕಿದೆ. ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್. ಪಂಚಮದಷ್ಟು ಕೆಳಗಿನ ನಾದ ಅಷ್ಟೇ ತುಂಬಾಗಿ ಬರಬೇಕಾದರೆ ಲೆಕ್ಕದ ಪ್ರಕಾರ ಒಡಲು ಒಂದೂವರೆಪಟ್ಟು, ಅಂದರೆ 53 ಸೆಂಟಿಮೀಟರ್ ಇರಬೇಕು. ಅಷ್ಟು ದೊಡ್ಡದನ್ನು ಗಲ್ಲಕ್ಕೆ ಒತ್ತಿ ಹಿಡಿದು ನುಡಿಸೋಕೆ ಮನುಷ್ಯನ ಕೈ ಸಾಲೋದಿಲ್ಲ. ಹಾಗಾಗಿ 40–42 ಸೆಂಟಿಮೀಟರಿನಲ್ಲೇ ರಾಜಿ. ಈ ರಾಜಿಯಿಂದಲೇ ವಯೋಲಾಕ್ಕೆ ಅದರ ದನಿ ಬಂದಿದೆ: ಸ್ವಲ್ಪ ಮೂಗಿನದು, ಸ್ವಲ್ಪ ಒರಟು, ಶೀತ ಬಿಟ್ಟ ಮಾರನೇ ದಿನದ ಗಂಟಲಿನ ಹಾಗೆ ಬೆಚ್ಚಗಿನದು. ಪಿಟೀಲಿನ ಹಾಗೆ ಥಳಥಳ ಹೊಳೆಯೋದಿಲ್ಲ, ಚೆಲ್ಲೋದ ಹಾಗೆ ಆಳಕ್ಕೆ ಇಳಿಯೋದಿಲ್ಲ. ನಡುವಿನದು.

ನಡುವಿನವರ ಪಾಡು ಗೊತ್ತಲ್ಲ. ಪಾಶ್ಚಾತ್ಯ ವಾದ್ಯಗಾರರ ನಡುವೆ ವಯೋಲಾ ನುಡಿಸುವವರ ಬಗ್ಗೆ ಹೇಳುವಷ್ಟು ಜೋಕುಗಳು ಬೇರೆ ಯಾರ ಬಗ್ಗೆಯೂ ಇಲ್ಲ. ಪಿಟೀಲಿನಲ್ಲಿ ಮುಂದೆ ಬಾರದವರು ಹಿಡಿಯೋ ವಾದ್ಯ ಅನ್ನೋ ತಾತ್ಸಾರ ಬಹಳ ಕಾಲ ಇತ್ತು. ಆದರೆ ಸಂಗೀತ ರಚಿಸಿದವರು ಏನು ಮಾಡಿದರು ನೋಡಿ. ಮೋಜಾರ್ಟ್ ಗೆಳೆಯರ ಜೊತೆ ಕ್ವಾರ್ಟೆಟ್ ನುಡಿಸೋಕೆ ಕೂತಾಗ ಕೈಗೆ ತೆಗೆದುಕೊಂಡದ್ದು ವಯೋಲಾ. ಬೀಥೋವನ್ ಹುಡುಗನಾಗಿದ್ದಾಗ ಬಾನ್ ಊರಿನ ಆಸ್ಥಾನದ ವಾದ್ಯವೃಂದದಲ್ಲಿ ವಯೋಲಾ ನುಡಿಸಿ ಸಂಬಳ ಎಣಿಸಿದ. ದ್ವೋರ್ಝಾಕ್ ಕೂಡ ಅದೇ ಕೆಲಸದಿಂದ ಬಂದವನು. ಕಟ್ಟಡ ಹೇಗೆ ನಿಂತಿದೆ ಅಂತ ತಿಳಿಯಬೇಕಾದರೆ ಒಳಗೆ ಹೋಗಿ ನಿಲ್ಲಬೇಕು ಅನ್ನೋದು ಕಟ್ಟುವವರಿಗೆ ಗೊತ್ತಿರುತ್ತೆ.

ಆ ಒಳಗಿನ ಕೆಲಸ ಎಂಥದು? ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ನಾಲ್ವರೂ ಒಟ್ಟಿಗೆ ಬೇರೆ ಬೇರೆ ಸ್ವರ ಹಿಡಿದಾಗ ಒಂದು ಮೇಳ ಆಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಷಡ್ಜ, ಪಂಚಮಗಳು ಕಂಬದ ಹಾಗೆ ನಿಂತಿವೆ. ಅವುಗಳ ನಡುವಿನ ಗಾಂಧಾರ ಸಾಧಾರಣವೋ ಅಂತರವೋ ಅನ್ನೋದರ ಮೇಲೆ ಮನಸ್ಸಿನ ಬಣ್ಣ ನಿಂತಿದೆ. ಅರ್ಧ ಸ್ವರ ಮೇಲಾದರೆ ಬೆಳಕು, ಕೆಳಗಾದರೆ ಮಬ್ಬು. ಎಷ್ಟೋ ಸಲ ಆ ಗಾಂಧಾರ ಇರೋದು ವಯೋಲಾದ ಕೈಯಲ್ಲಿ. ಕೇಳುವವರ ಗಮನ ಮೇಲಿನ ಪಿಟೀಲಿನ ಮೇಲೆ. ಅವರ ಕಣ್ಣು ತೇವವಾಗೋಕೆ ಕಾರಣ ಮಾತ್ರ ನಡುವೆ ಕೂತವರ ಒಂದು ಬೆರಳು.

ಇದನ್ನೆಲ್ಲ ಕೇಳೋಕೆ ಕೊಠಡಿ ಚಿಕ್ಕದಿರಬೇಕು. ಚೇಂಬರ್ ಮ್ಯೂಸಿಕ್ ಅನ್ನೋ ಹೆಸರಿನಲ್ಲೇ ಕೊಠಡಿ ಇದೆ. ಬಹರೈನಿನಲ್ಲಿ ಇರುವ ನಮಗೆ ಇದನ್ನು ವಿವರಿಸೋಕೆ ಯುರೋಪಿಗೆ ಹೋಗಬೇಕಾಗಿಲ್ಲ, ಕಾಸ್‌ವೇ ದಾಟಿ ಮುಹರಕ್‌ಗೆ ಹೋದರೆ ಸಾಕು. ಅಲ್ಲಿನ ಹಳೇ ಓಣಿಗಳಲ್ಲಿ 'ದಾರ್' ಅಂತ ಕರೆಯುವ ಮನೆಗಳಿವೆ. ಮುತ್ತು ತೆಗೆಯೋಕೆ ಸಮುದ್ರಕ್ಕೆ ಇಳಿಯುತ್ತಿದ್ದವರು ಋತು ಮುಗಿದ ಮೇಲೆ ಒಂದೆಡೆ ಸೇರಿ ಹಾಡುತ್ತಿದ್ದ ಜಾಗಗಳು ಅವು. ಆ ಹಾಡಿನ ಪ್ರಕಾರದ ಹೆಸರು ಫಿಜಿರಿ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮುಖ್ಯ ಹಾಡುಗಾರನನ್ನು ನಹ್ಹಾಮ್ ಅಂತಾರೆ. ಅವನ ಸುತ್ತ ಕೂತವರು ಚಪ್ಪಾಳೆ ಹಾಕ್ತಾರೆ, ಮಿರ್ವಾಸ್ ಅನ್ನೋ ಪುಟ್ಟ ಚರ್ಮವಾದ್ಯ ಬಾರಿಸ್ತಾರೆ, ಜಹ್ಲಾ ಅನ್ನೋ ಮಣ್ಣಿನ ಮಡಕೆಯ ಮೇಲೆ ಕೈಯಾಡಿಸ್ತಾರೆ. ನಮ್ಮ ಘಟಕ್ಕೆ ದೂರದ ನೆಂಟ ಅನ್ನಬಹುದು. ಇವೆಲ್ಲದರ ಅಡಿಯಲ್ಲಿ ಗಂಡಸರೆಲ್ಲ ಸೇರಿ ಹೊರಡಿಸುವ ಒಂದು ಗುಂಯ್‌ಗುಡುವ ತಗ್ಗು ನಾದ ಇರುತ್ತೆ. ಒಬ್ಬೊಬ್ಬರಾಗಿ ಕೇಳಿದರೆ ಅದು ಹಾಡೇ ಅಲ್ಲ. ಅದನ್ನು ತೆಗೆದುಬಿಟ್ಟರೆ ನಹ್ಹಾಮನ ಹಾಡಿಗೆ ನಿಲ್ಲೋಕೆ ನೆಲವೇ ಇಲ್ಲ. 1930ರ ದಶಕದಲ್ಲಿ ಜಪಾನಿನ ಸಾಕುಮುತ್ತು ಬಂದು ಮುತ್ತಿನ ವ್ಯಾಪಾರ ಕುಸಿಯಿತು. 1932ರಲ್ಲಿ ಎಣ್ಣೆ ಸಿಕ್ಕಿ ದೋಣಿಗಳ ದಿನ ಮುಗಿಯಿತು. ದಾರ್‌ಗಳಲ್ಲಿ ಹಾಡು ಉಳಿಯಿತು. ಸಮುದ್ರವೇ ಬಿಟ್ಟುಹೋದ ಮೇಲೂ ಹಾಡು ಉಳಿಯಬೇಕಾದರೆ ಪರಸ್ಪರ ಕೇಳಿಸಿಕೊಳ್ಳುವಷ್ಟು ಹತ್ತಿರ ಕೂರೋ ಒಂದು ಕೊಠಡಿ ಬೇಕು. ದಾರ್ ಅನ್ನೋದು ಆ ಕೊಠಡಿ.

ಈಗ ಲಂಡನ್ನಿನ ಇನ್ನೊಂದು ಬಗೆಯ ಕೊಠಡಿಗೆ ಹೋಗೋಣ. ರೆಬೆಕ್ಕಾ ಕ್ಲಾರ್ಕ್ ಅಲ್ಲಿಯ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ರಚನೆ ಕಲಿಯುತ್ತಿದ್ದಾಗ ಪಿಟೀಲು ನುಡಿಸ್ತಿದ್ದರು. ಗುರು ಚಾರ್ಲ್ಸ್ ಸ್ಟ್ಯಾನ್‌ಫರ್ಡ್ ಅವರನ್ನು ವಯೋಲಾಕ್ಕೆ ಹೊರಳಿಸಿದರು. ಅವರು ಕೊಟ್ಟ ಕಾರಣ ಮುಖ್ಯ: ಅಲ್ಲಿ ಕೂತರೆ ನಾದದ ನಟ್ಟನಡುವೆ ಇರ್ತೀಯ, ಎಲ್ಲ ಹೇಗೆ ಜೋಡಣೆಯಾಗಿದೆ ಅಂತ ತಿಳಿಯುತ್ತೆ. ಆಮೇಲೆ ಲಯನಲ್ ಟರ್ಟಿಸ್ ಅವರ ಹತ್ತಿರ ಪಾಠ. ವಯೋಲಾ ಒಂಟಿಯಾಗಿ ವೇದಿಕೆ ಏರಬಲ್ಲ ವಾದ್ಯ ಅಂತ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಟ ಹಿಡಿದು ತೋರಿಸಿದವರು ಟರ್ಟಿಸ್.

1910ರಲ್ಲಿ ಅಪ್ಪನ ಜೊತೆ ಜಗಳವಾಗಿ ಕ್ಲಾರ್ಕ್ ಮನೆ ಬಿಡಬೇಕಾಯಿತು. ಕಾಲೇಜಿನ ಓದು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದದ್ದು ವಾದ್ಯ. ಅದನ್ನು ನುಡಿಸಿ ಹೊಟ್ಟೆ ಹೊರೆಯಬೇಕು. 1912ರಲ್ಲಿ ಹೆನ್ರಿ ವುಡ್ ತಮ್ಮ ಕ್ವೀನ್ಸ್ ಹಾಲ್ ವಾದ್ಯವೃಂದಕ್ಕೆ ಕೆಲವು ಹೆಂಗಸರನ್ನು ಸೇರಿಸಿಕೊಂಡಾಗ ಅವರಲ್ಲಿ ಕ್ಲಾರ್ಕ್ ಒಬ್ಬರು. ಅಲ್ಲಿಂದ ಮುಂದಿನ ಮೂವತ್ತು ವರ್ಷದ ವೃತ್ತಿಯ ಬಹುಪಾಲು ಚೇಂಬರ್ ಸಂಗೀತ. ಚೆಲ್ಲೋ ನುಡಿಸುತ್ತಿದ್ದ ಗೆಳತಿ ಮೇ ಮಕ್ಲ್ ಜೊತೆ ಅಮೆರಿಕ ಸುತ್ತಿದರು. 1923ರಲ್ಲಿ ಬ್ರಿಟಿಷ್ ವಸಾಹತುಗಳನ್ನೆಲ್ಲ ಬಳಸಿಕೊಂಡು ಭೂಮಿಗೇ ಒಂದು ಸುತ್ತು ಹಾಕಿದರು. ಕಸಾಲ್ಸ್, ಶ್ನಾಬೆಲ್, ರೂಬಿನ್‌ಸ್ಟೈನ್ ಅಂಥವರ ಪಕ್ಕ ಕೂತು ನುಡಿಸಿದರು. 1927ರಲ್ಲಿ ನಾಲ್ವರು ಹೆಂಗಸರು ಸೇರಿ ಇಂಗ್ಲಿಷ್ ಎನ್ಸೆಂಬಲ್ ಅನ್ನೋ ಗುಂಪು ಕಟ್ಟಿದರು: ಪಿಯಾನೋ, ಪಿಟೀಲು, ವಯೋಲಾ, ಚೆಲ್ಲೋ. ಇದು ಒಬ್ಬ ವಾದಕಿಯ ತುಂಬಿದ ಬದುಕು. ಆದರೆ ಪಕ್ಕ ಕೂತವರ ವೃತ್ತಿಗೆ ದಾಖಲೆ ತೆಳು. ಕಾರ್ಯಕ್ರಮದ ಚೀಟಿಯಲ್ಲಿ ಹೆಸರು ಇರುತ್ತೆ, ವಿಮರ್ಶೆಯಲ್ಲಿ ಒಂದು ವಿಶೇಷಣ ಸಿಗುತ್ತೆ, ಮುಗೀತು. ನಮ್ಮ 'ಹಿತಮಿತ'ದ ಹಾಗೆ.

ಅವರು ಬರೆದ ಸಂಗೀತದ ಕತೆ ಇನ್ನೂ ವಿಚಿತ್ರ. 1918ರ ಫೆಬ್ರವರಿ, ನ್ಯೂಯಾರ್ಕಿನ ಏಯೋಲಿಯನ್ ಹಾಲ್. ಕ್ಲಾರ್ಕ್ ಮತ್ತು ಮಕ್ಲ್ ಅವರ ಕಛೇರಿ. ಕಾರ್ಯಕ್ರಮದಲ್ಲಿ ಕ್ಲಾರ್ಕ್ ರಚನೆಗಳು ಹಲವಿದ್ದವು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಚೆನ್ನಾಗಿ ಕಾಣೋದಿಲ್ಲ ಅಂತ 'ಮಾರ್ಫಿಯಸ್' ಅನ್ನೋ ರಚನೆಗೆ ಆಂಟನಿ ಟ್ರೆಂಟ್ ಅನ್ನೋ ಗಂಡಸಿನ ಹೆಸರು ಹಾಕಿದರು. ಅಂಥ ಮನುಷ್ಯ ಇಲ್ಲವೇ ಇಲ್ಲ. ಆದರೆ ವಿಮರ್ಶಕರ ಗಮನ ಹೋದದ್ದು ಟ್ರೆಂಟ್ ಮೇಲೆ. ಅದೇ ಸಂಜೆ, ಅದೇ ಕೈ ಬರೆದ ಉಳಿದ ರಚನೆಗಳನ್ನು ಕೇಳಿಯೂ ಕೇಳದ ಹಾಗೆ ದಾಟಿಬಿಟ್ಟರು.

ಮಾರನೇ ವರ್ಷ, 1919ರಲ್ಲಿ, ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಅನ್ನೋ ಅಮೆರಿಕದ ಪೋಷಕಿ ವಯೋಲಾಕ್ಕಾಗಿ ಬರೆದ ಸಂಗೀತಕ್ಕೆ ಒಂದು ಸ್ಪರ್ಧೆ ಇಟ್ಟರು. ಬರೆದವರ ಹೆಸರು ತೀರ್ಪುಗಾರರಿಗೆ ಗೊತ್ತಿರಲಿಲ್ಲ. ಕೊನೆಗೆ ಎರಡು ರಚನೆಗಳ ನಡುವೆ ಮತಗಳು ಸಮಸಮ ಆದವು. ಕೂಲಿಜ್ ತಮ್ಮ ಮತ ಹಾಕಿ ಎರ್ನೆಸ್ಟ್ ಬ್ಲಾಕ್ ಅವರ ಸ್ವೀಟ್‌ಗೆ ಬಹುಮಾನ ಕೊಟ್ಟರು. ಸೋತ ಇನ್ನೊಂದು ಯಾರದು ಅಂತ ಬಿಚ್ಚಿ ನೋಡಿದರೆ ಒಬ್ಬ ಹೆಂಗಸಿನದು. ತೀರ್ಪುಗಾರರ ಮುಖ ನೋಡುವ ಹಾಗಿತ್ತಂತೆ. ಆಮೇಲೆ ಒಂದು ಗುಮಾನಿಯೂ ಹಬ್ಬಿತು: ರೆಬೆಕ್ಕಾ ಕ್ಲಾರ್ಕ್ ಅನ್ನೋರು ನಿಜವಾಗಿ ಇಲ್ಲ, ಅದು ಬ್ಲಾಕ್ ಅವರದೇ ಕಾವ್ಯನಾಮ ಇರಬೇಕು ಅಂತ! ಇಲ್ಲದ ಗಂಡಸನ್ನು ಇದ್ದಾನೆ ಅಂತ ನಂಬಿದರು. ಇದ್ದ ಹೆಂಗಸನ್ನು ಇಲ್ಲ ಅಂದರು. ಎರಡೂ ಸಲ ಸಂಗೀತ ಮಾತ್ರ ಅಲ್ಲೇ, ಕಿವಿಯ ಮುಂದೆಯೇ ಇತ್ತು.

ಈ ಕತೆಯನ್ನು ಹೇಳಿ 'ಅಯ್ಯೋ ಪಾಪ' ಅಂತ ನಿಲ್ಲಿಸೋದು ಸುಲಭ. ಇತ್ತೀಚೆಗೆ ಕ್ಲಾರ್ಕ್ ಬಗ್ಗೆ ಬರುವ ಬರಹಗಳಲ್ಲಿ ಅರ್ಧದಷ್ಟು ಅಲ್ಲೇ ನಿಲ್ಲುತ್ತವೆ. ಅದು ಕೂಡ ಕೇಳದೇ ಇರುವ ಇನ್ನೊಂದು ದಾರಿ. ಬದುಕಿನ ಅನ್ಯಾಯವನ್ನು ಬರೆದರೆ ಸಂಗೀತವನ್ನು ಕೇಳುವ ಕೆಲಸ ತಪ್ಪುತ್ತೆ. ಹಾಗಾಗಿ ಆ ವಯೋಲಾ ಸೊನಾಟಾವನ್ನೇ ನೋಡೋಣ. ಮೂರು ಭಾಗ, ಇಪ್ಪತ್ತು ನಿಮಿಷ ದಾಟುತ್ತೆ. ಪಾಡ್‌ಕಾಸ್ಟ್ ಕೇಳುವವರು ಒಮ್ಮೆ ನಿಲ್ಲಿಸಿ ಇದನ್ನು ಪೂರ್ತಿ ಕೇಳಿ ಬಂದರೆ ಮುಂದಿನ ಮಾತು ಸುಲಭ.

ಶುರುವಾಗೋದೇ ಕಹಳೆ ಊದಿದ ಹಾಗೆ. ಪಿಯಾನೋ ಒಂದು ಮೇಳವನ್ನು ಒತ್ತಿ ಹಾಗೇ ಬಿಡುತ್ತೆ. ಅದರ ಮೇಲೆ ವಯೋಲಾ ಒಂಟಿಯಾಗಿ, ತಾಳದ ಹಂಗಿಲ್ಲದ ಹಾಗೆ ಏರುತ್ತೆ. ನಮ್ಮ ಕಿವಿಗೆ ಇದು ಬಹಳ ಪರಿಚಿತ: ತಂಬೂರಿಯ ಮೇಲೆ ಆಲಾಪನೆ ಎದ್ದ ಹಾಗೆ. ಕ್ಲಾರ್ಕ್‌ಗೆ ನಮ್ಮ ಸಂಗೀತದ ಪ್ರಭಾವ ಇತ್ತು ಅಂತ ನಾನು ಹೇಳ್ತಿಲ್ಲ. ನಿಂತ ನಾದದ ಮೇಲೆ ಒಂಟಿ ದನಿ ಬಿಚ್ಚಿಕೊಳ್ಳೋದು ಯಾರ ಆಸ್ತಿಯೂ ಅಲ್ಲ. ಎರಡನೇ ಭಾಗ ಚುರುಕು. ತಂತಿಯ ದನಿಯನ್ನು ತಗ್ಗಿಸುವ ಪುಟ್ಟ ಮರದ ತುಂಡೊಂದನ್ನು ಕುದುರೆಗೆ ಸಿಕ್ಕಿಸಿ, ಬೆರಳಿನಿಂದ ಮೀಟಿ, ಮಿಂಚುಹುಳದ ಹಾಗೆ ಹಾರಾಡಿ ಮುಗಿಯುತ್ತೆ. ಮೂರನೇ ಭಾಗ ಅಡಾಜಿಯೋ. ಅದನ್ನು ತೆರೆಯೋದು ವಯೋಲಾ ಅಲ್ಲ, ಪಿಯಾನೋ. ಮಕ್ಕಳ ಹಾಡಿನಷ್ಟು ಸರಳವಾದ ಒಂದು ಎಳೆ. ವಯೋಲಾ ಸುಮ್ಮನೆ ಕಾಯುತ್ತೆ. ಆಮೇಲೆ ಬಂದು ಅದೇ ಎಳೆಯನ್ನು ಕೈಗೆ ತೆಗೆದುಕೊಳ್ಳುತ್ತೆ.

ನನ್ನ ಮಟ್ಟಿಗೆ ಸೊನಾಟಾದ ಜೀವ ಇರೋದು ಆ ಕಾಯುವಿಕೆಯಲ್ಲಿ. ಬ್ಲಾಕ್ ಅವರ ಸ್ವೀಟ್ ಬಣ್ಣದ ಹಬ್ಬ. ಅಲ್ಲಿ ವಯೋಲಾ ನಾಯಕ, ಪಿಯಾನೋ ಅವನ ಹಿಂದಿನ ದೊಡ್ಡ ಸೈನ್ಯ. ಕ್ಲಾರ್ಕ್ ತಮ್ಮ ವಾದ್ಯವನ್ನು ಮುಂದೆ ತಂದರು. ಆದರೆ ಮುಂದೆ ಬಂದ ಮೇಲೂ ಅದರ ನಡುವಿನ ಬುದ್ಧಿಯನ್ನು ಬಿಡಲಿಲ್ಲ. ಎಲ್ಲಿ ಬಾಯಿ ಮುಚ್ಚಿ ಕೂರಬೇಕು, ಇನ್ನೊಬ್ಬರ ಮಾತಿಗೆ ಎಲ್ಲಿ ಹೂಂಗುಟ್ಟಬೇಕು ಅನ್ನೋದು ಕ್ವಾರ್ಟೆಟ್‌ಗಳಲ್ಲಿ ಕೂತು ಕಲಿತದ್ದು. ಪುಸ್ತಕ ಓದಿ ಬರೆದವರಿಗೆ ಅದು ಸಿಗೋದಿಲ್ಲ. ಒಂದು ತಕರಾರೂ ಇದೆ. ಕೊನೆಯಲ್ಲಿ ಮೊದಲ ಭಾಗದ ಕಹಳೆ ಮರಳಿ ಬರುತ್ತಲ್ಲ, ಅದು ಅಡಾಜಿಯೋ ಸಂಪಾದಿಸಿದ ಶಾಂತಿಯನ್ನು ಸ್ವಲ್ಪ ಅವಸರದಲ್ಲೇ ಖರ್ಚು ಮಾಡಿಬಿಡುತ್ತೆ ಅಂತ ನನಗೆ ಅನ್ನಿಸುತ್ತೆ. ಸಭೆಯಿಂದ ಚಪ್ಪಾಳೆ ಬರಬೇಕು ಅನ್ನೋ ಆತಂಕ ಅಲ್ಲಿ ಇಣುಕುತ್ತೆ. ಸ್ಪರ್ಧೆಗೆ ಬರೆದದ್ದು ಅಲ್ವಾ.

1921ರಲ್ಲಿ ಅವರ ಪಿಯಾನೋ ಟ್ರಿಯೋ ಅದೇ ಕೂಲಿಜ್ ಸ್ಪರ್ಧೆಯಲ್ಲಿ ಮತ್ತೆ ಎರಡನೆಯದಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಅಮೆರಿಕದಲ್ಲಿ ಸಿಕ್ಕಿಹಾಕಿಕೊಂಡರು. ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡಿದರು. 1944ರಲ್ಲಿ ಹಳೇ ಸಹಪಾಠಿ, ಪಿಯಾನೋ ವಾದಕ ಜೇಮ್ಸ್ ಫ್ರಿಸ್ಕಿನ್ ಅವರನ್ನು ಮದುವೆಯಾದರು. ಆಮೇಲೆ ರಚನೆ ಹೆಚ್ಚುಕಡಿಮೆ ನಿಂತೇಹೋಯಿತು. 1976ರಲ್ಲಿ, ಅವರಿಗೆ ತೊಂಬತ್ತು ತುಂಬಿದಾಗ, ನ್ಯೂಯಾರ್ಕಿನ ಒಂದು ರೇಡಿಯೋ ಕಾರ್ಯಕ್ರಮ ಅವರನ್ನು ಮತ್ತೆ ಜನರ ಕಿವಿಗೆ ತಂದಿತು. 1979ರಲ್ಲಿ ತೀರಿಕೊಂಡರು. ಬರೆದದ್ದರಲ್ಲಿ ಬಹುಪಾಲು ಆಗಿನ್ನೂ ಅಚ್ಚಾಗಿರಲಿಲ್ಲ. ಇವತ್ತು ಆ ಸೊನಾಟಾ ನುಡಿಸದೆ ಯಾರೂ ವಯೋಲಾ ಕಲಿತೆ ಅನ್ನೋ ಹಾಗಿಲ್ಲ.

ಈಗ ಮೈಸೂರಿಗೆ ಬರೋಣ. ತಿರುಮಕೂಡಲು ನರಸೀಪುರದ ಚೌಡಯ್ಯ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಗುರುಕುಲದಲ್ಲಿದ್ದು ಕಲಿತವರು. ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ನಮ್ಮ ಸಂಗೀತದ ಕೊಠಡಿ ಹೇಗಿರುತ್ತೆ ಅನ್ನೋದಕ್ಕೆ ಒಳ್ಳೇ ಉದಾಹರಣೆ. ರಾಮನ ಎದುರು, ನೆಲದ ಮೇಲೆ, ಹಾಡುಗಾರರ ಬೆವರು ಕಾಣುವಷ್ಟು ಹತ್ತಿರ ಕೂತು ಕೇಳುವ ಜಾಗ. ಆದರೆ ಚೌಡಯ್ಯನವರ ವೃತ್ತಿ ಬೆಳೆದ ಕಾಲದಲ್ಲಿ ಕಛೇರಿ ಆ ಕೊಠಡಿಯಿಂದ ಹೊರಗೆ ಬರ್ತಾ ಇತ್ತು. ರಾಮೋತ್ಸವದ ಚಪ್ಪರ, ಸಭೆಗಳ ಹಾಲು, ಸಾವಿರಾರು ಜನ. ಮೈಕು ಇನ್ನೂ ಬಂದಿರಲಿಲ್ಲ. ಹಾಡುಗಾರರು ಎತ್ತರದ ಶ್ರುತಿಯಲ್ಲಿ ಕಂಚಿನ ಕಂಠದಿಂದ ಹಾಡಿ ಹೇಗೋ ನಿಭಾಯಿಸೋರು. ಪಕ್ಕದ ಪಿಟೀಲು ನಾಲ್ಕನೇ ಸಾಲಿನ ಆಚೆ ತಲುಪುತ್ತಿರಲಿಲ್ಲ.

ಚೌಡಯ್ಯ ಕಂಡುಕೊಂಡ ಉತ್ತರ ನಮಗೆಲ್ಲ ಗೊತ್ತು: ಏಳು ತಂತಿ. ನಾಲ್ಕರ ಜೊತೆಗೆ ಇನ್ನೂ ಮೂರು, ಜೋಡಿ ತಂತಿಗಳಾಗಿ. ಕಮಾನಿನ ಒಂದೇ ಎಳೆತಕ್ಕೆ ಜೋಡಿ ಎರಡೂ ಮಿಡಿದು ನಾದ ಇಮ್ಮಡಿಯಾಗುತ್ತೆ, ದಪ್ಪವಾಗುತ್ತೆ. ಹೇಳೋಕೆ ಸುಲಭ. ಜೋಡಿ ತಂತಿಯನ್ನು ಒಂದೇ ಬೆರಳಿನಿಂದ ಒತ್ತಿ, ಗಮಕ ಮಾಡುವಾಗಲೂ ಎರಡರ ಶ್ರುತಿ ಕೂದಲೆಳೆಯಷ್ಟೂ ಕದಲದ ಹಾಗೆ ಇಟ್ಟುಕೊಳ್ಳೋದು ಎಂಥ ಸಾಧನೆ ಅಂತ ಪಿಟೀಲು ಹಿಡಿದವರನ್ನು ಕೇಳಿ. ಸಂಪ್ರದಾಯದವರಿಂದ ಆಕ್ಷೇಪವೂ ಬಂತು. ಅವರು ಬಿಡಲಿಲ್ಲ. ಅರಿಯಾಕುಡಿ, ಚೆಂಬೈ, ಮುಸಿರಿ, ಸೆಮ್ಮಂಗುಡಿ, ಜಿ.ಎನ್.ಬಿ. ಇವರೆಲ್ಲರ ಪಕ್ಕದಲ್ಲಿ ಆ ಏಳು ತಂತಿ ಕೂತಿತು. ಚೆಂಬೈ ವೈದ್ಯನಾಥ ಭಾಗವತರ್, ಚೌಡಯ್ಯ, ಪಾಲ್ಘಾಟ್ ಮಣಿ ಅಯ್ಯರ್ ಅಂದರೆ ಒಂದು ಕಾಲಕ್ಕೆ ಜನ ಊರಿಂದ ಊರಿಗೆ ಹಿಂಬಾಲಿಸುತ್ತಿದ್ದ ಜೋಡಣೆ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರಲ್ಲಿ ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಂಗಣ ಎದ್ದಿತು. ಪಕ್ಕವಾದ್ಯದವರೊಬ್ಬರಿಗೆ ಕಟ್ಟಡವೇ ಸ್ಮಾರಕವಾಗಿದೆ.

ಹಾಗಾದರೆ ಚೌಡಯ್ಯ ಗೆದ್ದರು, ಕ್ಲಾರ್ಕ್ ಸೋತರು ಅಂತ ಲೆಕ್ಕ ಹಾಕಬಹುದಾ? ನನಗೆ ಹಾಗೆ ಅನ್ನಿಸೋದಿಲ್ಲ. ಏಳು ತಂತಿ ಕೊಟ್ಟ ಉತ್ತರ ದನಿಯ ಗಾತ್ರದ ಪ್ರಶ್ನೆಗೆ. ಮೈಕು ಬಂದಕೂಡಲೇ ಆ ಪ್ರಶ್ನೆ ತಾನಾಗಿ ಬಿದ್ದುಹೋಯಿತು. ಆ ವಾದ್ಯವನ್ನು ಮುಂದುವರಿಸಿದವರು ಬೆರಳೆಣಿಕೆಯಷ್ಟು. ಆದರೆ ಚೌಡಯ್ಯನವರ ಹಳೇ ಧ್ವನಿಮುದ್ರಿಕೆಗಳನ್ನು ಕೇಳುವಾಗ ನಮ್ಮನ್ನು ಹಿಡಿದು ಕೂರಿಸೋದು ಗಾತ್ರ ಅಲ್ಲ. ಆಲಾಪನೆಯಲ್ಲಿ ಗಾಯಕರ ಸಂಚಾರದ ಬೆನ್ನಿಗೆ, ಒಂದು ಉಸಿರಿನಷ್ಟು ಹಿಂದೆ, ಮುಂದಿನ ತಿರುವು ಯಾವುದು ಅಂತ ಗೊತ್ತಿಲ್ಲದೆ ಹಿಂಬಾಲಿಸುವ ಧೈರ್ಯ. ಗಾಯಕರು ನಿಲ್ಲಿಸಿದ ಸ್ವರವನ್ನು ಕೆಳಗೆ ಬೀಳದ ಹಾಗೆ ಕಮಾನಿನ ಉದ್ದಕ್ಕೂ ಹಿಡಿದಿಡೋದು. ಕ್ಲಾರ್ಕ್‌ಗೆ ಸ್ಟ್ಯಾನ್‌ಫರ್ಡ್ ಹೇಳಿದ ನಾದದ ನಟ್ಟನಡುವೆ ಅನ್ನೋ ಜಾಗ ಇದೇ. ಅಲ್ಲಿ ರಚನೆ ಮೊದಲೇ ಬರೆದಿಟ್ಟದ್ದು. ಇಲ್ಲಿ ಅದು ಕಣ್ಣೆದುರು ಹುಟ್ಟುತ್ತಿರುತ್ತೆ. ಹಾಗಾಗಿ ನಮ್ಮ ಪಕ್ಕವಾದ್ಯದವರ ಕೆಲಸ ಒಂದು ಲೆಕ್ಕಕ್ಕೆ ಕ್ವಾರ್ಟೆಟಿನ ವಯೋಲಾಕ್ಕಿಂತಲೂ ಕಷ್ಟ. ವಯೋಲಾವನ್ನೇ ನಮ್ಮ ಸಂಗೀತಕ್ಕೆ ಒಗ್ಗಿಸಿದ್ದೂ ಉಂಟು, ಬಾಲಮುರಳಿಕೃಷ್ಣ ಅವರು ಅದನ್ನು ನುಡಿಸುತ್ತಿದ್ದರು. ವಾದ್ಯ ಬದಲಾದರೂ ಕೇಳುವ ಅಭ್ಯಾಸ ಬದಲಾಗದಿದ್ದರೆ ಏನೂ ಬದಲಾಗೋದಿಲ್ಲ.

ಇಲ್ಲಿಗೆ ವಿಷಯ ನಮ್ಮ ಕಾಲಬುಡಕ್ಕೆ ಬಂತು. ಬಹರೈನಿನ ಕನ್ನಡಿಗರಿಗೆ ಸಂಗೀತದ ಬರ ಇಲ್ಲ. ವಾರಾಂತ್ಯಕ್ಕೆ ಕಾರ್ಯಕ್ರಮ ಇರುತ್ತೆ, ಊರಿನಿಂದ ಕಲಾವಿದರು ಬರ್ತಾರೆ, ಮಕ್ಕಳು ಪಿಟೀಲು, ಮೃದಂಗ, ಕೀಬೋರ್ಡು ಕಲೀತಾರೆ. ಆದರೆ ನಮ್ಮ ಕಾರ್ಯಕ್ರಮದ ರೂಪವೇ ಗಾಯಕರೊಬ್ಬರ ಸುತ್ತ ಕಟ್ಟಿದ್ದು. ಬ್ಯಾನರಿನ ಮೇಲೆ ಒಂದು ಫೋಟೋ. ಗಾಯಕರ ಮೈಕು ಜೋರು, ಪಿಟೀಲಿನ ಮೈಕು ಅರ್ಧ. ಖರ್ಚು ಉಳಿಸಬೇಕಾದರೆ ಮೊದಲು ಬಿಡೋದು ಪಕ್ಕವಾದ್ಯದವರ ಟಿಕೆಟ್ಟು. ಅವರ ಬದಲಿಗೆ ಟ್ರ್ಯಾಕು ಹಾಕಿದರಾಯಿತು. ಟ್ರ್ಯಾಕು ಗಾಯಕರ ಮಾತು ಕೇಳಿಸಿಕೊಳ್ಳೋದಿಲ್ಲ, ಕಾಯೋದಿಲ್ಲ, ಬಿದ್ದ ಸ್ವರ ಎತ್ತೋದಿಲ್ಲ. ಅದರ ಮುಂದೆ ಬೆಳೆದ ಮಗುವಿಗೆ ಸಂಗೀತ ಅಂದರೆ ಒಬ್ಬರು ಇನ್ನೊಬ್ಬರಿಗೆ ಕೊಡುವ ಉತ್ತರ ಅಂತ ಹೇಗೆ ಗೊತ್ತಾಗಬೇಕು? ಆ ಮಗು ಪಿಟೀಲು ಕಲಿತರೂ ಅದು ಒಂಟಿಯಾಗಿ ನಿಂತು ಬಹುಮಾನ ಗೆಲ್ಲುವ ವಾದ್ಯ ಆಗುತ್ತೆ, ಅಷ್ಟೇ. ನಡುವೆ ಕೂರೋಕೆ ಯಾರೂ ಇರೋದಿಲ್ಲ.

ಕನ್ನಡದ ಕಿವಿಗೆ ಇದು ಸಾಧ್ಯವಿಲ್ಲ ಅಂತ ಯಾರೂ ಹೇಳಬೇಡಿ. ನಮ್ಮಲ್ಲಿ ಬಹಳಷ್ಟು ಜನ ಕರಾವಳಿಯವರು. ಯಕ್ಷಗಾನ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನಿಂತು ಮಾತಾಡುವವರನ್ನು ಗಮನಿಸಿ. ಭಾಗವತರು ಆ ಪದವನ್ನು ಯಾಕೆ ಅಷ್ಟು ನಿಧಾನ ತೆಗೆದರು, ಮದ್ದಳೆಯವರು ಎಲ್ಲಿ ಬಿಟ್ಟರು, ಚೆಂಡೆ ಎಲ್ಲಿ ಅತಿಯಾಯಿತು, ಎಲ್ಲದರ ಲೆಕ್ಕ ಅಲ್ಲಿ ಆಗುತ್ತೆ. ವೇಷಧಾರಿಯ ಕುಣಿತ ಹಿಮ್ಮೇಳದ ಮೇಲೆ ನಿಂತಿದೆ ಅಂತ ಅವರಿಗೆ ಯಾರೂ ಪಾಠ ಮಾಡಿಲ್ಲ. ಹಿಮ್ಮೇಳ ಅನ್ನೋ ಪದ ಕೊಟ್ಟ ಭಾಷೆ ನಮ್ಮದು. ಅದೇ ಜನ ಸಂಗೀತ ಕಛೇರಿಗೆ ಬಂದಾಗ ಆ ಕಿವಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರ್ತಾರೆ. ಯಾಕೆಂದರೆ ಕಛೇರಿಯನ್ನು ಹೇಗೆ ಕೇಳಬೇಕು ಅಂತ ಅವರಿಗೆ ಕಲಿಸಿದ್ದು ವರದಿಗಳು. ವರದಿಯಲ್ಲಿ ಹಿಮ್ಮೇಳಕ್ಕೆ ಒಂದೇ ಸಾಲು.

ಹಾಗಾಗಿ ತಪ್ಪು ಕೇಳುವವರದ್ದಕ್ಕಿಂತ ಬರೆಯುವವರದ್ದು ಹೆಚ್ಚು. 1918ರ ನ್ಯೂಯಾರ್ಕಿನ ವಿಮರ್ಶಕರು ಕಿವುಡರೇನೂ ಆಗಿರಲಿಲ್ಲ. ಯಾರ ಸಂಗೀತ ಮುಖ್ಯ ಅನ್ನೋದನ್ನು ಹಾಲಿಗೆ ಬರುವ ಮುಂಚೆ, ಕಾರ್ಯಕ್ರಮದ ಚೀಟಿಯ ಹೆಸರು ಓದಿಯೇ ತೀರ್ಮಾನ ಮಾಡಿದ್ದರು. ನಾವೂ ಬ್ಯಾನರ್ ನೋಡಿ ಅದನ್ನೇ ಮಾಡ್ತಿದ್ದೀವಿ.

ಮಾಡಬೇಕಾದ್ದು ದೊಡ್ಡದ್ದೇನಲ್ಲ. ವಿಲ್ಲಾ ಇರುವ ಮನೆಯವರು ವರ್ಷಕ್ಕೆ ಎರಡು ಸಲ ಹಜಾರ ಬಿಟ್ಟುಕೊಟ್ಟರೆ ನಲವತ್ತು ಜನ ಮೈಕಿಲ್ಲದೆ ಕೇಳಬಹುದು. ಮುಹರಕ್‌ನವರು ತಮ್ಮ ದಾರ್ ಉಳಿಸಿಕೊಂಡದ್ದು ಕೂಡ ಇಂಥ ಅಭ್ಯಾಸದಿಂದಲೇ. ಮಕ್ಕಳ ಸ್ಪರ್ಧೆಯಲ್ಲಿ ಇನ್ನೊಂದು ಮಗುವಿಗೆ ಪಕ್ಕವಾದ್ಯ ನುಡಿಸಿದ ಮಗುವಿಗೂ ಅಂಕ ಕೊಡಬಹುದು. ಇನ್ನು ಬರೆಯುವವರು ಒಂದು ನಿಯಮ ಇಟ್ಟುಕೊಳ್ಳಬಹುದು: ಪಕ್ಕದಲ್ಲಿ ಕೂತವರು ಆ ಸಂಜೆ ಮಾಡಿದ ಒಂದಾದರೂ ಕೆಲಸವನ್ನು, ಯಾವ ರಾಗದಲ್ಲಿ, ಯಾವ ಜಾಗದಲ್ಲಿ ಅಂತ ಗುರುತಿಸಿ ಹೇಳೋಕೆ ಆಗದಿದ್ದರೆ ಆ ಕಛೇರಿಯ ವಿಮರ್ಶೆ ಬರೆಯಬಾರದು. ಆ ಕೆಲಸ ಚೆನ್ನಾಗಿರಲಿಲ್ಲ ಅಂತಾದರೆ ಅದನ್ನೂ ಬರೆಯಲಿ. ಬೈಸಿಕೊಳ್ಳೋದು ಕೂಡ ಕೇಳಿಸಿಕೊಂಡದ್ದಕ್ಕೆ ಸಾಕ್ಷಿ. 'ಹಿತಮಿತವಾಗಿ ಸಹಕರಿಸಿದರು' ಅನ್ನೋದು ಯಾವುದಕ್ಕೂ ಸಾಕ್ಷಿ ಅಲ್ಲ.